100!ನ ಕೊನೆಗೆ ನಿಜಕ್ಕೂ ಎಷ್ಟು ಸೊನ್ನೆ? 158 ಅಂಕಿಯ ಸಂಖ್ಯೆಯನ್ನು ಕಾಗದದ ಮೇಲೆ ಪರೀಕ್ಷಿಸುವ ಬಗೆ

ಪ್ರಶ್ನೆ: 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳನ್ನೂ ಗುಣಿಸಿದರೆ ಬರುವುದು, ಅಂದರೆ 100!, ಎಷ್ಟು ಎಂದು ನೋಡಲು ಹೋಗಿ ಮೂರು ಬೇರೆ ಬೇರೆ ಉತ್ತರ ಸಿಕ್ಕಿವೆ. ಎಕ್ಸೆಲ್ ಕೊನೆಗೆ 143 ಸೊನ್ನೆ ತೋರಿಸುತ್ತದೆ. ಮಗ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಬರೀ 0 ಎನ್ನುತ್ತದೆ. ಗೆಳೆಯರೊಬ್ಬರು ವಾಟ್ಸಾಪ್‌ನಲ್ಲಿ 158 ಅಂಕಿಯ ಸಂಖ್ಯೆ ಕಳಿಸಿ, ಇದೇ ಸರಿ, ಕೊನೆಗೆ 24 ಸೊನ್ನೆ ಎಂದಿದ್ದಾರೆ. ಯಾರನ್ನು ನಂಬಲಿ? ಕಂಪ್ಯೂಟರನ್ನು ನೆಚ್ಚದೆ ಕಾಗದ, ಪೆನ್ನಿನಲ್ಲೇ ಖಾತ್ರಿ ಮಾಡಿಕೊಳ್ಳುವ ದಾರಿ ಇದೆಯೇ?

ಉತ್ತರ: 24 ಸೊನ್ನೆ, ಒಟ್ಟು 158 ಅಂಕಿ ಎಂಬುದು ಸರಿ. ಎಕ್ಸೆಲ್ ತೋರಿಸಿದ್ದರಲ್ಲಿ ಮೊದಲ ಹದಿನಾಲ್ಕು ಹದಿನೈದು ಅಂಕಿಗಳನ್ನಷ್ಟೇ ನಂಬಬಹುದು. ಸಿ ಪ್ರೋಗ್ರಾಂ ಕೊಟ್ಟ 0 ತಪ್ಪು, ಆದರೆ ಬೇರೆ ಯಾವುದೋ ತಪ್ಪು ಸಂಖ್ಯೆ ಬರದೆ ಯಾಕೆ 0 ಬಂತು ಎನ್ನುವುದರಲ್ಲಿ 100!ನ ಒಂದು ಗುಣವೇ ಅಡಗಿದೆ. ಕೈಯಲ್ಲಿ ಪರೀಕ್ಷಿಸುವ ದಾರಿಯೂ ಇದೆ. 34 ಸಂಖ್ಯೆಗಳ ಒಂದು ಕೂಡುಲೆಕ್ಕ, ಅರ್ಧ ಗಂಟೆಯ ಕೆಲಸ.

ಇಂಥ ಸಂಖ್ಯೆಯ ಮುಂದೆ ಕೂತಾಗ ಅಂಕಿಗಳನ್ನು ಬರೆಯುವುದಕ್ಕಿಂತ ಮೊದಲು ಅದು ಯಾವುದರಿಂದ ಆಗಿದೆ ಎಂದು ನೋಡಬೇಕು. 100!ನ ಒಳಗೆ ಏನೇನಿದೆ ಎಂಬುದು ನಮಗೆ ಪೂರ್ತಿ ಗೊತ್ತು: 1, 2, 3 ಹೀಗೆ 100ರ ತನಕ. ಹಾಗಾಗಿ ಅದರ ಬಹುಪಾಲು ಗುಣಗಳನ್ನು ಒಂದೇ ಒಂದು ಗುಣಾಕಾರ ಮಾಡದೆ ಹೇಳಬಹುದು.

ಸೊನ್ನೆಗಳಿಂದಲೇ ಶುರು ಮಾಡೋಣ. ಕೊನೆಗೆ ಒಂದು ಸೊನ್ನೆ ಬರಬೇಕಾದರೆ ಒಂದು 2 ಮತ್ತು ಒಂದು 5 ಜೋಡಿಯಾಗಬೇಕು. 10, 20, 30 ಎಂದು ಎಣಿಸಿ 11 ಎನ್ನುವವರು ಬಹಳ ಮಂದಿ. ಅವರು 2×5, 4×15 ಇಂಥ ಜೋಡಿಗಳನ್ನು ಬಿಟ್ಟಿರುತ್ತಾರೆ. 5ರ ಮಗ್ಗಿಯಲ್ಲಿ ಬರುವ ಸಂಖ್ಯೆ 20 ಇವೆ, ಆದ್ದರಿಂದ 20 ಸೊನ್ನೆ ಎನ್ನುವವರು ಇನ್ನೂ ಹತ್ತಿರ ಬಂದರು, ಆದರೂ 4 ಕಡಿಮೆ. 25, 50, 75, 100 ಈ ನಾಲ್ಕರಲ್ಲಿ ಎರಡೆರಡು 5 ಇವೆ. ಲೆಕ್ಕ ಹೀಗೆ: 100ನ್ನು 5ರಿಂದ ಭಾಗಿಸಿ, 20. ಆ 20ನ್ನು ಮತ್ತೆ 5ರಿಂದ ಭಾಗಿಸಿ, 4. ಆ 4ರಲ್ಲಿ 5 ಹೋಗುವುದಿಲ್ಲ, ನಿಲ್ಲಿಸಿ. ಕೂಡಿದರೆ 24. ಪ್ರತಿ ಹಂತದಲ್ಲೂ ಭಾಗಲಬ್ಧವನ್ನು ಮಾತ್ರ ಇಟ್ಟುಕೊಂಡು ಶೇಷವನ್ನು ಬಿಟ್ಟುಬಿಡಬೇಕು.

ಇದೇ ರೀತಿ 2ರಿಂದ ಭಾಗಿಸುತ್ತ ಹೋಗಿ: 50, 25, 12, 6, 3, 1. ಒಟ್ಟು 97. ಅಂದರೆ 100!ನಲ್ಲಿ 2 ಎಂಬ ಅಪವರ್ತನ 97 ಸಲ ಇದೆ, 5 ಎಂಬುದು 24 ಸಲ. ಜೋಡಿಗೆ 5 ಸಾಲದೆ ಬರುವುದರಿಂದ ಸೊನ್ನೆಗಳನ್ನು ನಿರ್ಧರಿಸುವುದು 5 ಮಾತ್ರ. 3 ಬರುವುದು 48 ಸಲ, 7 ಬರುವುದು 16 ಸಲ, 11 ಬರುವುದು 9 ಸಲ.

ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಆ 24 ಹೆಸರುಗಳೂ 100!ನ ಕೊನೆಯ ಸೊನ್ನೆಗಳಿಗೇ ಸರಿಹೋಗುತ್ತವೆ. ಮೊದಲ ಸೊನ್ನೆಯಲ್ಲದ ಅಂಕಿ ಬರುವ ಹೊತ್ತಿಗೆ ಹೆಸರು ಮುಗಿದಿರುತ್ತದೆ.

ಆ ಅಂಕಿ ಯಾವುದು? ಇದನ್ನೂ ಗುಣಿಸದೆ ಕಂಡುಹಿಡಿಯಬಹುದು. ಸಂಖ್ಯೆಗಳನ್ನು ಐದೈದರ ಕಂತು ಮಾಡಿ: 1ರಿಂದ 5, 6ರಿಂದ 10, ಹೀಗೆ. ಕಂತಿನ ಮೊದಲ ನಾಲ್ಕನ್ನು ಗುಣಿಸಿ, ಅದರಿಂದ ಒಂದು 2 ತೆಗೆದು ಐದನೆಯದರ 5ಕ್ಕೆ ಜೋಡಿ ಮಾಡಿ ಪಕ್ಕಕ್ಕಿಡಿ. 1×2×3×4 = 24, ಅರ್ಧ ಮಾಡಿದರೆ 12. 6×7×8×9 = 3024, ಅರ್ಧ 1512. ಪ್ರತಿ ಕಂತಿನಲ್ಲೂ ಬಿಡಿ ಸ್ಥಾನದಲ್ಲಿ 2 ಬರುತ್ತದೆ. 100ರಲ್ಲಿ 20 ಕಂತು, ಆದ್ದರಿಂದ 2²⁰, ಅದರ ಬಿಡಿ ಅಂಕಿ 6. ಇನ್ನು 5, 10, 15 … 100 ಇವುಗಳಿಂದ ಒಂದೊಂದು 5 ತೆಗೆದಾಗ ಉಳಿಯುವುದು 1, 2, 3 … 20. ಅಲ್ಲಿ 4 ಕಂತು, 2⁴ = 16, ಬಿಡಿ ಅಂಕಿ ಮತ್ತೆ 6. ಅಲ್ಲಿ ಉಳಿಯುವುದು 1, 2, 3, 4, ಗುಣಲಬ್ಧ 24, ಬಿಡಿ ಅಂಕಿ 4. 6×6×4 = 144. ಹಾಗಾಗಿ 24 ಸೊನ್ನೆಗಳ ಹಿಂದೆ ನಿಂತಿರುವ ಅಂಕಿ 4. ಗೆಳೆಯರು ಕಳಿಸಿದ್ದರಲ್ಲಿ ಅಲ್ಲಿ 4 ಇಲ್ಲವಾದರೆ ಮುಂದಿನ ಪರೀಕ್ಷೆಯೇ ಬೇಡ.

ಈಗ ಉದ್ದ. ಒಂದು ಸಂಖ್ಯೆಯ ಹತ್ತರ ಲಾಗ್ (10ರ ಎಷ್ಟನೇ ಘಾತ ಆ ಸಂಖ್ಯೆಯೋ ಅದು) 157 ಚಿಲ್ಲರೆ ಇದ್ದರೆ ಅದರಲ್ಲಿ 158 ಅಂಕಿ ಇರುತ್ತವೆ. 1730ರಲ್ಲಿ ಸ್ಟರ್ಲಿಂಗ್ ಪ್ರಕಟಿಸಿದ ಕೆಲಸದಿಂದ ಬಂದ ಸೂತ್ರ ಇದಕ್ಕೆ ಸಾಕು. 100ನ್ನು 100ರ ಲಾಗ್‌ನಿಂದ, ಅಂದರೆ 2ರಿಂದ, ಗುಣಿಸಿ: 200. ಅದರಿಂದ 100 × 0.434294 = 43.4294 ಕಳೆಯಿರಿ (0.434294 ಎಂಬುದು e ಎಂಬ ಸ್ಥಿರಾಂಕದ, ಅಂದರೆ 2.71828ರ, ಲಾಗ್). ಆಮೇಲೆ 2 × ಪೈ × 100 = 628.3185, ಅದರ ಲಾಗ್ 2.79818, ಅದರ ಅರ್ಧ 1.39909 ಕೂಡಿ. ಬಂದದ್ದು 157.9697. ಅಂಕಿಗಳ ಸಂಖ್ಯೆಗೆ ಇಷ್ಟೇ ಸಾಕು. ಆರಂಭದ ಅಂಕಿಗಳೂ ಬೇಕೆಂದರೆ ಒಂದು ತಿದ್ದುಪಡಿ ಸೇರಿಸಬೇಕು: 1ನ್ನು 1200ರಿಂದ ಭಾಗಿಸಿ 0.4343ರಿಂದ ಗುಣಿಸಿದರೆ 0.00036. ಈಗ 157.97000. ತಿದ್ದುಪಡಿ ಇಲ್ಲದೆ ಸಂಖ್ಯೆ 9.3248 ಎಂದು ಶುರುವಾಗುತ್ತದೆ, ತಿದ್ದುಪಡಿಯೊಂದಿಗೆ 9.3326 ಎಂದು. ಎರಡನೆಯದೇ ಸರಿ.

ಎಕ್ಸೆಲ್ ಎಡವುವುದು ಎಲ್ಲಿ? ಅದು ಯಾವ ಸಂಖ್ಯೆಯನ್ನೇ ಆಗಲಿ 15 ಅಂಕಿಗಳ ಮಟ್ಟಿಗೆ ತೋರಿಸಿ, ಉಳಿದ ಸ್ಥಾನಗಳಿಗೆ ಸೊನ್ನೆ ತುಂಬುತ್ತದೆ. 158ರಲ್ಲಿ 15 ಕಳೆದರೆ 143, ನೀವು ಕಂಡ ಸೊನ್ನೆಗಳು ಅವೇ. ಇದು 100!ನಲ್ಲಿ ಮಾತ್ರ ಆಗುವುದಲ್ಲ. 20! ಎಂದರೆ 2432902008176640000, ಸೊನ್ನೆ ಬಿಟ್ಟರೆ ಸರಿಯಾಗಿ 15 ಅಂಕಿ ಇರುವುದರಿಂದ ಅದು ಎಕ್ಸೆಲ್‌ನಲ್ಲಿ ಸರಿಯಾಗಿಯೇ ಬರುತ್ತದೆ. 21!ನ ನಿಜ ಬೆಲೆ 51090942171709440000, ಅದರಲ್ಲಿ ಸೊನ್ನೆ ಬಿಟ್ಟು 16 ಅಂಕಿ. ಎಕ್ಸೆಲ್ 51090942171709400000 ಎಂದು ತೋರಿಸುತ್ತದೆ. ತಪ್ಪು ಶುರುವಾಗುವುದು ಅಲ್ಲಿಂದ, ಅದೂ ಯಾವ ಎಚ್ಚರಿಕೆಯನ್ನೂ ಕೊಡದೆ. ಕೋಶದ ಫಾರ್ಮ್ಯಾಟ್ ಬದಲಿಸಿದರೆ, ಅಗಲ ಹೆಚ್ಚಿಸಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ. 170! ದಾಟಿದರೆ ಎಕ್ಸೆಲ್ ದೋಷ ತೋರಿಸಿ ನಿಲ್ಲುತ್ತದೆ, ಏಕೆಂದರೆ ಅದು ಇಟ್ಟುಕೊಳ್ಳಬಲ್ಲ ಅತಿ ದೊಡ್ಡ ಸಂಖ್ಯೆ ಸುಮಾರು 1.8 × 10³⁰⁸. ಎರಡಂಕಿಯ ಘಾತ ಮಾತ್ರ ತೋರಿಸುವ ಸೈಂಟಿಫಿಕ್ ಕ್ಯಾಲ್ಕುಲೇಟರು 69! ದಾಟಿದರೇ ಕೈಚೆಲ್ಲುತ್ತದೆ, 70! ಎಂಬುದು 10¹⁰⁰ ದಾಟಿರುತ್ತದೆ.

ನಿಮ್ಮ ಮಗ ಬರೆದ ಪ್ರೋಗ್ರಾಮಿನ ತರ್ಕದಲ್ಲಿ ಬಹುಶಃ ಏನೂ ತಪ್ಪಿಲ್ಲ, ಪಾತ್ರೆ ಚಿಕ್ಕದು ಅಷ್ಟೆ. ಕಂಪ್ಯೂಟರ್ ಸಂಖ್ಯೆಯನ್ನು ಬೈನರಿಯಲ್ಲಿ, ಅಂದರೆ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ ಇಡುತ್ತದೆ, ಅಂಥ ಒಂದೊಂದು ಅಂಕಿಯೂ ಒಂದು ಬಿಟ್. 64 ಬಿಟ್‌ನ ಪೂರ್ಣಾಂಕದಲ್ಲಿ 20! ಹಿಡಿಸುತ್ತದೆ, 21! ಹಿಡಿಸುವುದಿಲ್ಲ. ಅಲ್ಲಿಂದ ಮುಂದೆ ಗುಣಲಬ್ಧದ ಕೆಳಗಿನ 64 ಬಿಟ್ ಮಾತ್ರ ಉಳಿದು ಮೇಲಿನದು ಬಿದ್ದುಹೋಗುತ್ತದೆ. ಈಗ ಮೇಲಿನ 2ರ ಲೆಕ್ಕವನ್ನು 66!ಗೆ ಮಾಡಿ ನೋಡಿ: 33, 16, 8, 4, 2, 1. ಮೊತ್ತ 64. ಅಂದರೆ 66!ನ್ನು ಬೈನರಿಯಲ್ಲಿ ಬರೆದರೆ ಕೊನೆಯ 64 ಸ್ಥಾನಗಳೂ ಸೊನ್ನೆ, ಪ್ರೋಗ್ರಾಮಿಗೆ ಕಾಣುವುದು ಆ ಸೊನ್ನೆಗಳಷ್ಟೇ. ಅಲ್ಲಿಂದ 100ರ ತನಕ 0ಯನ್ನು ಏನರಿಂದ ಗುಣಿಸಿದರೂ 0. 32 ಬಿಟ್‌ನ ಪಾತ್ರೆಯಾದರೆ ಇದೇ ಕಾರಣಕ್ಕೆ 34!ರಿಂದಲೇ 0. ಪ್ರೋಗ್ರಾಮಿನಲ್ಲಿ ಪ್ರತಿ ಹಂತವನ್ನೂ ಮುದ್ರಿಸಲು ಹೇಳಿ: 20ರ ತನಕ ಸರಿ, 21ರಿಂದ 65ರ ತನಕ ಅರ್ಥವಿಲ್ಲದ ಸಂಖ್ಯೆಗಳು, ಕೆಲವು ಋಣ ಸಂಖ್ಯೆಗಳು ಕೂಡ, 66ರಿಂದ ಸೊನ್ನೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ತೊಂದರೆ ಇಲ್ಲ, ಅದರ ಪೂರ್ಣಾಂಕ ಬೇಕಾದಷ್ಟು ಬೆಳೆಯುತ್ತದೆ. ಆದರೆ ಗುಣಿಸುವಾಗ ಎಲ್ಲಾದರೂ ದಶಮಾಂಶ ಸಂಖ್ಯೆ ನುಸುಳಿದರೆ, 1 ಎನ್ನುವ ಕಡೆ 1.0 ಎಂದು ಬರೆದರೂ ಸಾಕು, ಎಕ್ಸೆಲ್‌ನ ಕಾಯಿಲೆ ಅಲ್ಲಿಗೂ ಬರುತ್ತದೆ. ಈಚಿನ ಆವೃತ್ತಿಗಳಲ್ಲಿ 4300 ಅಂಕಿಗಿಂತ ದೊಡ್ಡ ಸಂಖ್ಯೆಯನ್ನು ಮುದ್ರಿಸಹೋದರೆ ಪೈಥಾನ್ ತಡೆಯುತ್ತದೆ. 5736 ಅಂಕಿಯ 2000!ನ್ನು ಮುದ್ರಿಸಬೇಕಾದರೆ ಆ ಮಿತಿಯನ್ನು ಮೊದಲು ಎತ್ತಬೇಕು.

ಸಿ ಭಾಷೆಯಲ್ಲೇ ಮಾಡಬೇಕೆಂದರೆ ನಾವು ಸ್ಲೇಟಿನ ಮೇಲೆ ಮಾಡುವ ಗುಣಾಕಾರವನ್ನೇ ಕಲಿಸಬೇಕು. 40 ಮನೆಗಳ ಒಂದು ಅರೇ ತೆಗೆದುಕೊಂಡು ಒಂದೊಂದು ಮನೆಯಲ್ಲಿ ನಾಲ್ಕು ಅಂಕಿ ಇಡಿ. ಬಲಗಡೆಯ ಮನೆಯಲ್ಲಿ 1, ಉಳಿದವುಗಳಲ್ಲಿ 0. ನಂತರ 2ರಿಂದ 100ರವರೆಗೆ ಪ್ರತಿ ಸಂಖ್ಯೆಗೂ ಹೀಗೆ ಮಾಡಿ: ಬಲಗಡೆಯಿಂದ ಒಂದೊಂದೇ ಮನೆಯನ್ನು ಆ ಸಂಖ್ಯೆಯಿಂದ ಗುಣಿಸಿ, ಹಿಂದಿನ ಮನೆಯಿಂದ ಬಂದ ದಶಕವನ್ನು ಕೂಡಿ, 10000ದಿಂದ ಭಾಗಿಸಿ, ಶೇಷವನ್ನು ಅದೇ ಮನೆಯಲ್ಲಿ ಬಿಟ್ಟು ಭಾಗಲಬ್ಧವನ್ನು ದಶಕವಾಗಿ ಎಡಕ್ಕೆ ಒಯ್ಯಿರಿ. ಒಂದು ಮನೆಯಲ್ಲಿ ಹೆಚ್ಚೆಂದರೆ 9999 × 100 + 99 = 999999 ಆಗುವುದರಿಂದ ಸಾಮಾನ್ಯ 32 ಬಿಟ್ ಪೂರ್ಣಾಂಕವೇ ಸಾಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಗುಣಾಕಾರದಲ್ಲಿ ಆಗುವುದಿಲ್ಲ, ಮುದ್ರಣದಲ್ಲಿ ಆಗುತ್ತದೆ. ಮನೆಯಲ್ಲಿ 0490 ಇದ್ದರೆ ಪ್ರೋಗ್ರಾಂ 490 ಎಂದು ಬರೆಯುತ್ತದೆ, 0000 ಇದ್ದರೆ ಬರೀ 0. 100!ನಲ್ಲಿ ಸೊನ್ನೆಯಿಂದ ಶುರುವಾಗುವ ಮನೆ 0490 ಒಂದೇ; ಕೊನೆಯಲ್ಲಿ 0000 ಆರು. ಹೀಗಾಗಿ 1 + 18 = 19 ಅಂಕಿ ಕಳೆದು 139 ಅಂಕಿಯ ಸಂಖ್ಯೆ ಹೊರಬರುತ್ತದೆ. ಉತ್ತರ 139 ಅಂಕಿ ಬಂತು ಎಂದರೆ ಇದೇ ಕಾರಣ ಎಂದು ತಿಳಿಯಿರಿ. ಎಡಗಡೆಯ ಮೊದಲ ಮನೆಯನ್ನು ಬಿಟ್ಟು ಉಳಿದೆಲ್ಲವನ್ನೂ ನಾಲ್ಕು ಸ್ಥಾನ ತುಂಬಿಸಿ ಮುದ್ರಿಸುವಂತೆ ಹೇಳಿದರೆ ಸರಿಹೋಗುತ್ತದೆ.

ಸಂಖ್ಯೆ ಇದು, ಬಲದಿಂದ ನಾಲ್ಕು ನಾಲ್ಕು ಅಂಕಿಯ ಗುಂಪು ಮಾಡಿ ಬರೆದಿದೆ:

93 3262 1544 3944 1526 8169 9238
8562 6670 0490 7159 6826 4381 6214
6859 2963 8952 1759 9993 2299 1560
8941 4639 7615 6518 2862 5369 7920
8272 2375 8251 1852 1091 6864
0000 0000 0000 0000 0000 0000

ಇನ್ನು ನೀವು ಕೇಳಿದ ಪರೀಕ್ಷೆ. 9ರ ಪರೀಕ್ಷೆ ನಿಮಗೆ ಗೊತ್ತಿರುತ್ತದೆ: ಅಂಕಿಗಳನ್ನೆಲ್ಲ ಕೂಡಿದರೆ 9ರಿಂದ ಭಾಗವಾಗಬೇಕು. ಇಲ್ಲಿ ಮೊತ್ತ 648, ಅಂದರೆ 9 × 72. ಆದರೆ ಈ ಪರೀಕ್ಷೆ ಬಹಳ ದುರ್ಬಲ. ನಕಲು ಮಾಡುವಾಗ ಎರಡು ಅಂಕಿ ಅದಲುಬದಲಾದರೆ ಮೊತ್ತ ಬದಲಾಗುವುದೇ ಇಲ್ಲ. ಅದಕ್ಕಿಂತ ಎಷ್ಟೋ ಗಟ್ಟಿಯಾದದ್ದು 9999ರ ಪರೀಕ್ಷೆ. 9999 = 9 × 11 × 101. 10000ವನ್ನು 9999ರಿಂದ ಭಾಗಿಸಿದರೆ ಶೇಷ 1 ಆದ್ದರಿಂದ, ನಾಲ್ಕಂಕಿಯ ಗುಂಪುಗಳನ್ನು ಸುಮ್ಮನೆ ಕೂಡಿದರೆ ಇಡೀ ಸಂಖ್ಯೆಯನ್ನು 9999ರಿಂದ ಭಾಗಿಸಿದ ಶೇಷ ಸಿಗುತ್ತದೆ.

ಆ ಶೇಷ ಎಷ್ಟಿರಬೇಕು ಎಂದು ಮೊದಲೇ ಹೇಳಲು ಸಾಧ್ಯವಾಗುವುದೇ ಇದರ ಸೊಗಸು. 9 ಮತ್ತು 11 ಎರಡೂ 100!ನ ಅಪವರ್ತನಗಳು, ಅವುಗಳಿಂದ ಶೇಷ 0. 101 ಅವಿಭಾಜ್ಯ, 100!ನ ಒಳಗೆ ಇಲ್ಲ. ಇಲ್ಲಿ ವಿಲ್ಸನ್ನರ ಪ್ರಮೇಯ ನೆರವಿಗೆ ಬರುತ್ತದೆ, 1771ರಲ್ಲಿ ಲಾಗ್ರಾಂಜ್ ಸಾಧಿಸಿ ತೋರಿಸಿದ್ದು. 1ರಿಂದ 100ರೊಳಗಿನ ಸಂಖ್ಯೆಗಳಿಗೆ ಜೋಡಿ ಹುಡುಕಿ: 2 × 51 = 102, 3 × 34 = 102, 4 × 76 = 304. 101ರಿಂದ ಭಾಗಿಸಿದರೆ ಎಲ್ಲದರಲ್ಲೂ ಶೇಷ 1. ಹೀಗೆ ಪ್ರತಿ ಸಂಖ್ಯೆಗೂ ಒಂದೇ ಒಂದು ಜೊತೆ ಸಿಗುತ್ತದೆ; ಜೊತೆಯಿಲ್ಲದೆ ಉಳಿಯುವುದು 1 ಮತ್ತು 100 ಮಾತ್ರ. ಆದ್ದರಿಂದ 100!ನ್ನು 101ರಿಂದ ಭಾಗಿಸಿದರೆ ಶೇಷ 100 ಬರಲೇಬೇಕು. 99ರಿಂದ ನಿಶ್ಶೇಷವಾಗಿ ಭಾಗವಾಗುವ, 101ರಿಂದ ಭಾಗಿಸಿದರೆ 100 ಉಳಿಯುವ, 9999ಕ್ಕಿಂತ ಚಿಕ್ಕ ಸಂಖ್ಯೆ ಒಂದೇ ಇದೆ: 5049. ತಾಳೆ ನೋಡಿ, 99 × 51 = 5049; ಅದಕ್ಕೆ 1 ಕೂಡಿದರೆ 5050 = 101 × 50.

ಈಗ 93ರಿಂದ 6864ರವರೆಗಿನ 34 ಗುಂಪುಗಳನ್ನು ಕೂಡಿ. ಮೊತ್ತ 175032. ಇದನ್ನೂ ನಾಲ್ಕಂಕಿಯ ಗುಂಪು ಮಾಡಿ: 17 + 5032 = 5049. ಒಂದಂಕಿಯೂ ಆಚೀಚೆ ಇಲ್ಲ.

ಗುಂಪುಗಳನ್ನು ಬಲದಿಂದಲೇ ಮಾಡಬೇಕು. ಎಡದಿಂದ 9332, 6215 ಎಂದು ಶುರು ಮಾಡಿದರೆ ಕೊನೆಗೆ 6400 ಎಂಬ ಗುಂಪು ಬಂದು ಶೇಷ 4950 ಆಗುತ್ತದೆ. ನಿಮಗೆ 4950 ಬಂದರೆ ಸಂಖ್ಯೆಯನ್ನು ದೂರಬೇಡಿ, ಗುಂಪು ಮಾಡಿದ್ದನ್ನು ತಿದ್ದಿಕೊಳ್ಳಿ.

ಈ ಪರೀಕ್ಷೆಗೂ ಒಂದು ಕುರುಡು ಜಾಗ ಇದೆ: ಎರಡು ಗುಂಪುಗಳು ಇಡಿಯಾಗಿ ಸ್ಥಳ ಬದಲಿಸಿಕೊಂಡರೆ ಮೊತ್ತ ಬದಲಾಗುವುದಿಲ್ಲ. ಸಾಲು ತಪ್ಪಿಸಿ ನಕಲು ಮಾಡುವವರಿಂದ ಇಂಥದ್ದು ಆಗುತ್ತದೆ. ಅದಕ್ಕೆ ಇನ್ನೊಂದು ಕೂಡುಲೆಕ್ಕ. ಗುಂಪುಗಳನ್ನು ಒಂದು ಬಿಟ್ಟು ಒಂದು ಎರಡು ಸಾಲಾಗಿ ಕೂಡಿ. 93, 1544, 1526, 9238 … ಈ ಸಾಲಿನ ಮೊತ್ತ 92115. 3262, 3944, 8169, 8562 … ಈ ಸಾಲಿನದು 82917. ವ್ಯತ್ಯಾಸ 9198. 10001 = 73 × 137 ಆಗಿರುವುದರಿಂದಲೂ 73 ಎಂಬುದು 100!ನ ಒಳಗೆ ಇರುವುದರಿಂದಲೂ ಈ ವ್ಯತ್ಯಾಸ 73ರಿಂದ ಭಾಗವಾಗಬೇಕು. 73 × 126 = 9198. ಪಕ್ಕಪಕ್ಕದ ಗುಂಪುಗಳು ಅದಲುಬದಲಾಗಿದ್ದರೆ ಇದು ಹೆಚ್ಚುಕಮ್ಮಿ ಖಂಡಿತ ಹಿಡಿದುಬಿಡುತ್ತದೆ. ಯಾರೋ ಮನಸ್ಸಿಗೆ ಬಂದ ಅಂಕಿಗಳನ್ನು ತುಂಬಿ ಕಳಿಸಿದ್ದರೆ ಎರಡೂ ಪರೀಕ್ಷೆಗಳಿಂದ ತಪ್ಪಿಸಿಕೊಳ್ಳುವ ಸಾಧ್ಯತೆ 9999 × 73ರಲ್ಲಿ, ಅಂದರೆ ಸುಮಾರು 7.3 ಲಕ್ಷದಲ್ಲಿ ಒಂದು.

ಸಂಖ್ಯೆ ಕೈಗೆ ಬಂದ ಮೇಲೆ ಅದರ ಉಳಿದ ಗುಣಗಳನ್ನೂ ನೋಡುವ ಆಸೆಯಾಗುತ್ತದೆ. ಕೆಲವನ್ನು ಹೇಳುತ್ತೇನೆ.

100!ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಎಷ್ಟು? 100ರೊಳಗಿನ 25 ಅವಿಭಾಜ್ಯ ಸಂಖ್ಯೆಗಳ ಘಾತ ಒಂದೊಂದಕ್ಕೂ 1 ಕೂಡಿ ಗುಣಿಸಿದರಾಯಿತು: 98 × 49 × 25 × 17 × 10 × 8 × 6 × 6 × 5 × 4 × 4 × 3⁴ × 2¹⁰. ಉತ್ತರ 39,00,12,50,85,69,60,000, ಸುಮಾರು 390 ಕೋಟಿ ಕೋಟಿ. ಈ ಪಟ್ಟಿಯ ಕೊನೆಯ 2¹⁰ ಗಮನಿಸಿ. 53, 59, 61, 67, 71, 73, 79, 83, 89, 97 ಈ ಹತ್ತೂ ಒಂದೊಂದೇ ಸಲ ಬರುವುದರಿಂದ ಬಂದದ್ದು ಅದು. ಅದರಿಂದಲೇ 100! ಪೂರ್ಣವರ್ಗ ಆಗಲಾರದು. 2!ರಿಂದ ಮುಂದೆ ಯಾವ ಫ್ಯಾಕ್ಟೋರಿಯಲ್ಲೂ ಪೂರ್ಣವರ್ಗ ಅಲ್ಲ, ಏಕೆಂದರೆ ಮೇಲಿನ ಅರ್ಧದಲ್ಲಿ ಒಂದಾದರೂ ಅವಿಭಾಜ್ಯ ಇದ್ದೇ ಇರುತ್ತದೆ. ಬರ್ಟ್ರಂಡ್ 1845ರಲ್ಲಿ ಊಹಿಸಿ, ಚೆಬಿಶೆವ್ ಸಾಧಿಸಿದ ಈ ಮಾತಿಗೆ 1919ರಲ್ಲಿ ಶ್ರೀನಿವಾಸ ರಾಮಾನುಜನ್ ಬಹಳ ಚಿಕ್ಕದೊಂದು ಸಾಧನೆ ಕೊಟ್ಟರು.

100!ಗೆ 2 ಕೂಡಿದರೆ 2ರಿಂದ ಭಾಗವಾಗುತ್ತದೆ, 3 ಕೂಡಿದರೆ 3ರಿಂದ, ಹೀಗೆ 100ರ ತನಕ. 1 ಕೂಡಿದರೆ ವಿಲ್ಸನ್ನರ ದಯೆಯಿಂದ 101ರಿಂದ ಭಾಗವಾಗುತ್ತದೆ. ಅಂದರೆ 100! ಆದ ಮೇಲಿನ ಸಾಲು ಸಾಲು ನೂರು ಸಂಖ್ಯೆಗಳಲ್ಲಿ ಅವಿಭಾಜ್ಯ ಒಂದೂ ಇಲ್ಲ.

ಬೈನರಿಯಲ್ಲಿ 100!ಗೆ 525 ಅಂಕಿ, ಕೊನೆಗೆ 97 ಸೊನ್ನೆ. ಹನ್ನೆರಡರ ಆಧಾರದಲ್ಲಿ ಬರೆದರೆ ಕೊನೆಗೆ 48 ಸೊನ್ನೆ: 12ಕ್ಕೆ ಎರಡು 2, ಒಂದು 3 ಬೇಕು, 97 ಎರಡುಗಳಿಂದ 48 ಜೋಡಿ, ಮೂರುಗಳೂ ಸರಿಯಾಗಿ 48. ಸೊನ್ನೆ ಎಷ್ಟು ಎಂಬುದು ಸಂಖ್ಯೆಯ ಜೊತೆಗೆ ನಾವು ಬರೆಯುವ ಕ್ರಮಕ್ಕೂ ಸೇರಿದ್ದು. ಹತ್ತರ ಕ್ರಮದಲ್ಲೂ ಕೊನೆಯ 24 ಅಲ್ಲದೆ ನಡುವೆ ಇನ್ನು 6 ಸೊನ್ನೆ ಇವೆ, ಒಟ್ಟು 30. ನಡುವಿನ ಸೊನ್ನೆಗಳನ್ನು ಗುಣಿಸದೆ ಹೇಳುವ ಸೂತ್ರ ಇಲ್ಲ, ಬರೆದೇ ಎಣಿಸಬೇಕು.

ಮಗ ಪ್ರೋಗ್ರಾಂ ಸರಿಪಡಿಸಿಕೊಂಡ ಮೇಲೆ 1000!ಗೆ ಕೈ ಹಾಕಬಹುದು. ಅರೇಯಲ್ಲಿ 642 ಮನೆ ಇಡಲಿ. 2568 ಅಂಕಿ ಬರಬೇಕು, ಕೊನೆಗೆ 200 + 40 + 8 + 1 = 249 ಸೊನ್ನೆ, ಅದರ ಹಿಂದಿನ ಅಂಕಿ 2. ಅಲ್ಲಿ 101, 73, 137 ಮೂರೂ ಸಂಖ್ಯೆಯ ಒಳಗೇ ಇರುವುದರಿಂದ ಗುಂಪುಗಳ ಮೊತ್ತ 9999ರಿಂದಲೂ, ಒಂದು ಬಿಟ್ಟು ಒಂದರ ವ್ಯತ್ಯಾಸ 10001ರಿಂದಲೂ ಶೇಷವಿಲ್ಲದೆ ಭಾಗವಾಗಬೇಕು.